ಕಾಳು ಸಿಗದ ನಡೆ ತಪ್ಪು ನಡೆಯೇ? ಗುಣಾಕಾರದ ಮನೆಯಾಟ ಆಡುವವರಿಗೆ ಒಂದು ಪ್ರಶ್ನೆ

ಘಟಪ್ರಭೆ, ಬಾಗಲಕೋಟೆ

ಎರಡು ವರ್ಷದಿಂದ ನಮ್ಮ ಮನೆಯಲ್ಲಿ ರಾತ್ರಿ ಊಟದ ತಟ್ಟೆ ಎತ್ತಿದ ಮೇಲೆ ಒಂದು ಆಟ ನಡೆಯುತ್ತದೆ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಮೂವತ್ತಾರು ಮನೆ ಮಾಡಿಕೊಂಡಿದ್ದೇವೆ. ಮನೆಗಳು ಹೀಗಿವೆ:

1 – 2 – 3 – 4 – 5 – 6
7 – 8 – 9 – 10 – 12 – 14
15 – 16 – 18 – 20 – 21 – 24
25 – 27 – 28 – 30 – 32 – 35
36 – 40 – 42 – 45 – 48 – 49
54 – 56 – 63 – 64 – 72 – 81

ಅದರ ಕೆಳಗೆ 1ರಿಂದ 9ರವರೆಗಿನ ಅಂಕೆಗಳ ಪಟ್ಟಿ, ಪಟ್ಟಿಯ ಮೇಲೆ ಎರಡೇ ಹುಣಸೆ ಬೀಜ. ಮೊದಲನೆಯವರು ಒಂದು ಬೀಜವನ್ನು ಯಾವುದಾದರೂ ಅಂಕೆಯ ಮೇಲೆ ಇಟ್ಟು ಸುಮ್ಮನಾಗುತ್ತಾರೆ. ಎರಡನೆಯವರು ಇನ್ನೊಂದು ಬೀಜ ಇಟ್ಟು, ಎರಡೂ ಅಂಕೆಗಳ ಗುಣಲಬ್ಧ ಇರುವ ಮನೆಗೆ ತಮ್ಮ ಕಾಳು ಹಾಕುತ್ತಾರೆ. ಅಲ್ಲಿಂದ ಮುಂದೆ ಸರದಿಗೆ ಒಂದೇ ಬೀಜ ಸರಿಸಬೇಕು, ಇನ್ನೊಂದನ್ನು ಮುಟ್ಟುವಂತಿಲ್ಲ. ಎರಡೂ ಬೀಜ ಒಂದೇ ಅಂಕೆಯ ಮೇಲೆ ಕೂರಬಹುದು. ಅಡ್ಡಕ್ಕೋ ಉದ್ದಕ್ಕೋ ಓರೆಗೋ ನಾಲ್ಕು ಕಾಳು ಸಾಲಾಗಿ ಬಂದರೆ ಗೆಲುವು. ಬಂದ ಗುಣಲಬ್ಧದ ಮನೆಯಲ್ಲಿ ಆಗಲೇ ಕಾಳಿದ್ದರೆ ಆ ಸರದಿಗೆ ಕಾಳಿಲ್ಲ, ಬೀಜ ಮಾತ್ರ ಸರಿದಿರುತ್ತದೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕನೆಕ್ಟೆಡ್ ಮ್ಯಾಥಮೆಟಿಕ್ಸ್ ಪಠ್ಯದಲ್ಲಿ ಇದನ್ನು ಪ್ರಾಡಕ್ಟ್ ಗೇಮ್ ಎಂದು ಕರೆಯುತ್ತಾರೆ. ನಮ್ಮ ಮನೆಯಲ್ಲಿ ಅದು ಮನೆಯಾಟ. ನನ್ನದು ಕಡಲೆ, ಮಗಳದು ಜೋಳ.

ಹೋದ ವಾರ ಬೆಳಗಾವಿಯ ಒಂದು ಶಾಲೆಯಲ್ಲಿ ಈ ಆಟದ ಸ್ಪರ್ಧೆ ಇತ್ತು. ಮಗಳು ಏಳನೆಯ ತರಗತಿ, ಎದುರಾಳಿ ಅವಳಿಗಿಂತ ಒಂದು ವರ್ಷ ದೊಡ್ಡ ಹುಡುಗ. ಪ್ರತಿ ನಡೆಗೆ ಹದಿನೈದು ಸೆಕೆಂಡು. ಆಟದ ನಡುವೆ ಹುಡುಗನ ಕಾಳು 10, 20, 27, 28ರಲ್ಲಿದ್ದವು. ಅವನು 5 ಮತ್ತು 6ರ ಮೇಲೆ ಬೀಜ ಬರುವಂತೆ ಆಡಿ 30 ಪಡೆದ. 18, 36, 42 ಈ ಮೂರೂ ಮನೆಗಳಲ್ಲಿ ಆಗಲೇ ಮಗಳ ಕಾಳಿತ್ತು. 4, 25, 32, 45 ಖಾಲಿ. ಅವಳಿಗೆ ಒಂದೇ ನಡೆಗೆ ಗೆಲ್ಲುವ ಸಾಲು ಯಾವುದೂ ಇರಲಿಲ್ಲ.

ನಾನು ಹಿಂದಿನ ಬೆಂಚಿನಲ್ಲಿ ನಿಂತು ನೋಡುತ್ತಿದ್ದೆ. ಅವಳ ಬೆರಳು ಮೊದಲು 6ರ ಮೇಲಿನ ಬೀಜಕ್ಕೆ ಹೋಯಿತು, ತಾಗುವ ಮೊದಲೇ ಹಿಂದೆ ಬಂತು. ಆಮೇಲೆ 5ರ ಮೇಲಿನ ಬೀಜವನ್ನು ಒತ್ತಿ ಹಿಡಿದು, ಎತ್ತದೆ, ಎಳೆದುಕೊಂಡೇ 7ಕ್ಕೆ ತಂದಳು. ಆರೇಳಲೆ ನಲವತ್ತೆರಡು. 42ರಲ್ಲಿ ಅವಳದೇ ಕಾಳು ಕೂತಿದೆ. ತೀರ್ಪುಗಾರರು "ತಪ್ಪು ಉತ್ತರ, ಆ ಮನೆ ತುಂಬಿದೆ" ಎಂದು ಹೇಳಿ ಬೀಜವನ್ನು ಮತ್ತೆ 5ಕ್ಕೆ ಇಟ್ಟರು, ಸರದಿಯನ್ನು ಹುಡುಗನಿಗೆ ಕೊಟ್ಟರು. ಅವನು 6ರ ಬೀಜವನ್ನು 9ಕ್ಕೆ ಸರಿಸಿ 45 ಹಾಕಿದ. 10, 20, 30, 45. ಆಟ ಮುಗಿಯಿತು.

ಬಸ್ಸಿನಲ್ಲಿ ಯರಗಟ್ಟಿ ದಾಟುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಅಪ್ಪಾ, ನನಗೆ ನಲವತ್ತೆರಡು ತುಂಬಿದ್ದು ಗೊತ್ತಿತ್ತು. ಗೊತ್ತಿದ್ದೇ ಆಡಿದೆ. ಅದು ಹೇಗೆ ತಪ್ಪಾಗುತ್ತದೆ?"

ಇದೇ ನನ್ನ ಪ್ರಶ್ನೆ. ಆಡುವವರು ಹೇಳಿ.

ಕಿಲ್ಲಾ ಕೆರೆ, ಬೆಳಗಾವಿ

ಮಗುವಿಗೆ ನೋವಾಗಿರುವುದು ಅರ್ಥವಾಗುತ್ತದೆ. ಆದರೂ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಕಾಳು ಬೀಳದ ನಡೆ ಎಂದರೆ ಕಳೆದುಕೊಂಡ ಸರದಿ. ಹುಡುಗನಿಗೆ 45 ಬೇಕಿತ್ತು, ಅದು ಕಣ್ಣೆದುರೇ ಇತ್ತು. 6ರ ಬೀಜವನ್ನು 9ಕ್ಕೆ ಸರಿಸಿ 45ನ್ನು ತಾನೇ ಹಾಕಿಕೊಂಡಿದ್ದರೆ ಅವನ ಸಾಲೂ ಮುರಿಯುತ್ತಿತ್ತು, ಇವಳಿಗೆ ಒಂದು ಮನೆಯೂ ಸಿಗುತ್ತಿತ್ತು. ಕೈಗೆ ಬಂದದ್ದನ್ನು ಬಿಟ್ಟು ತುಂಬಿದ ಮನೆಗೆ ಯಾರಾದರೂ ಹೋಗುತ್ತಾರೆಯೇ?

ನಡೆಗೆ ಹದಿನೈದು ಸೆಕೆಂಡು ಕಡಿಮೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಾನು ಒಪ್ಪುವುದಿಲ್ಲ. ರವಿವಾರ ಪೇಟೆಯಲ್ಲಿ ನಮ್ಮದು ಕಾಳುಕಡಿಯ ಅಂಗಡಿ. ನಾನು ಹತ್ತು ವರ್ಷದವನಿದ್ದಾಗ ಗಿರಾಕಿ ಚೀಲ ಎತ್ತುವ ಮೊದಲೇ ಲೆಕ್ಕ ಹೇಳಬೇಕಿತ್ತು. ಅಜ್ಜ ಮರಾಠಿಯಲ್ಲಿ ಬೇ ಏಕೆ ಬೇ, ಬೇ ದುಣೆ ಚಾರ ಎಂದು ಶುರು ಮಾಡಿದರೆ ನಾನು ಕನ್ನಡದಲ್ಲಿ ಮುಗಿಸುತ್ತಿದ್ದೆ. ಬಾಯಿಲೆಕ್ಕಕ್ಕೆ ವೇಗವೇ ಜೀವ.

ಇಂಡಿ ಲಿಂಬೆ, ವಿಜಯಪುರ ಜಿಲ್ಲೆ

ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಈ ಆಟವನ್ನು ತರಗತಿಯಲ್ಲಿ ಆಡಿಸುತ್ತೇನೆ. ಘಟಪ್ರಭೆಯವರೇ, ನಿಮ್ಮ ಮಗಳು ಆಡಿದ್ದು ಸರಿ. ಸರಿ ಎನ್ನುವುದಷ್ಟೇ ಅಲ್ಲ, ಆ ಕ್ಷಣದಲ್ಲಿ ಅವಳನ್ನು ಉಳಿಸುವ ನಡೆಗಳೇ ಮೂರಿದ್ದವು, ಅವುಗಳಲ್ಲಿ ಒಂದನ್ನು ಅವಳು ಹುಡುಕಿದ್ದಾಳೆ. ಹೇಗೆಂದು ಬಿಡಿಸಿ ಬರೆಯುತ್ತೇನೆ.

ಒಂದೊಂದು ಮನೆಗೂ ಬಾಗಿಲುಗಳಿವೆ ಎಂದುಕೊಳ್ಳಿ. ನಿಮ್ಮ ಸರದಿ ಬಂದಾಗ ಒಂದು ಬೀಜ ಎಲ್ಲಿದ್ದರೆ ಆ ಮನೆಗೆ ಹೋಗಬಹುದೋ ಆ ಅಂಕೆಯೇ ಬಾಗಿಲು. 35ಕ್ಕೆ ಹೋಗಲು ಒಂದು ಬೀಜ 5ರ ಮೇಲೋ 7ರ ಮೇಲೋ ಇರಬೇಕು, ಹಾಗಾಗಿ ಬಾಗಿಲು ಎರಡು. 24ಕ್ಕೆ 3, 8, 4, 6 ಎಂದು ನಾಲ್ಕು, ಏಕೆಂದರೆ ಅದು ಮೂರೆಂಟಲೆಯೂ ಹೌದು, ನಾಲ್ಕಾರಲೆಯೂ ಹೌದು. 49ಕ್ಕೆ 7 ಒಂದೇ. ಇಡೀ ಮಣೆಯಲ್ಲಿ ಒಂದೇ ಬಾಗಿಲಿನ ಮನೆಗಳು ಐದು: 1, 25, 49, 64, 81. ನಾಲ್ಕು ಬಾಗಿಲಿನವೂ ಐದು: 6, 8, 12, 18, 24. ಮೂರು ಬಾಗಿಲಿನವು 4, 9, 16, 36. ಉಳಿದ ಇಪ್ಪತ್ತೆರಡಕ್ಕೂ ಎರಡೆರಡು. 1ರಿಂದ 9ರೊಳಗೆ ಎರಡು ಅಂಕೆಗಳ ಜೋಡಿ ಮಾಡಿದರೆ 45 ಜೋಡಿ ಬರುತ್ತವೆ, ಅವುಗಳಲ್ಲಿ ಒಂಬತ್ತರ ಉತ್ತರ ಇನ್ನೊಂದು ಜೋಡಿಯ ಉತ್ತರವೇ ಆಗಿರುತ್ತದೆ, ಉಳಿಯುವುದು 36. ಆರು ಸಾಲಿನ ಮಣೆಗೆ ಲೆಕ್ಕ ತಾನಾಗಿ ಕೂತುಬಿಡುತ್ತದೆ. ಇದನ್ನು ಮೊದಲ ಸಲ ಎಣಿಸಿದ ದಿನ ನನಗಾದ ಸಂತೋಷ ಇಂದಿಗೂ ಹೋಗಿಲ್ಲ.

ಈಗ ಆ ಆಟಕ್ಕೆ ಬರೋಣ. ಹುಡುಗ 30 ಹಾಕಿದ ಕೂಡಲೇ ಅವನಿಗೆ ಎರಡು ಸಾಲಿನಲ್ಲಿ ಮೂರು ಮೂರು ಕಾಳಾದವು. ಉದ್ದಕ್ಕೆ 10, 20, 30: ಗೆಲ್ಲಲು ಮೇಲಿನ 4 ಅಥವಾ ಕೆಳಗಿನ 45 ಬೇಕು. ಅಡ್ಡಕ್ಕೆ 27, 28, 30: ಗೆಲ್ಲಲು 25 ಅಥವಾ 32 ಬೇಕು. ಬಾಗಿಲುಗಳನ್ನು ನೋಡಿ. 45ಕ್ಕೆ 5, 9. 25ಕ್ಕೆ 5. 4ಕ್ಕೆ 1, 2, 4. 32ಕ್ಕೆ 4, 8. ಅಂದರೆ ಮಗಳು ಆಡಿ ಮುಗಿಸಿದಾಗ 1, 2, 4, 5, 8, 9 ಇವುಗಳಲ್ಲಿ ಯಾವುದರ ಮೇಲೂ ಬೀಜ ಇರಬಾರದು.

ಕಿಲ್ಲಾ ಕೆರೆಯವರು ಹೇಳಿದ ಹಾಗೆ 45ನ್ನು ತಾನೇ ಹಾಕಿದ್ದರೆ ಬೀಜಗಳು 5 ಮತ್ತು 9ರ ಮೇಲೆ ಉಳಿಯುತ್ತಿದ್ದವು. ಹುಡುಗ 9ರ ಬೀಜವನ್ನು 5ಕ್ಕೆ ತಂದರೆ ಐದೈದಲೆ ಇಪ್ಪತ್ತೈದು. 25, 27, 28, 30. ಅಲ್ಲಿಗೆ ಆಟ ಮುಗಿಯಿತು. ಅವಳು 25ನ್ನೇ ಹಾಕಿದ್ದರೆ ಅವನು 45ಕ್ಕೆ ಹೋಗುತ್ತಿದ್ದ. 5ರ ಬೀಜ ಅಲ್ಲೇ ಇರುವವರೆಗೆ ಸೋಲು ತಪ್ಪುವುದಿಲ್ಲ. ಹಾಗಾಗಿ 5ನ್ನೇ ಎತ್ತಬೇಕು, 6 ಉಳಿಯಬೇಕು, ಎತ್ತಿದ ಬೀಜ ಹೋಗಬಹುದಾದ ಜಾಗ 3, 6, 7 ಮಾತ್ರ. ಆರು ಮೂರಲೆ 18, ಆರಾರಲೆ 36, ಆರೇಳಲೆ 42. ಮೂರೂ ತುಂಬಿವೆ!

ಅವಳಿಗೆ ಇದ್ದ ನಡೆಗಳು ಹದಿನಾರು. ಹದಿಮೂರು ಸೋಲು, ಮೂರು ಉಳಿವು, ಆ ಮೂರರಲ್ಲಿ ಒಂದಕ್ಕೂ ಕಾಳು ಇಲ್ಲ. ಹದಿನೈದು ಸೆಕೆಂಡಿನಲ್ಲಿ ಇಷ್ಟನ್ನು ಕಂಡ ಮಗುವಿಗೆ "ತಪ್ಪು ಉತ್ತರ" ಎಂದರಲ್ಲ, ಓದಿ ನನ್ನ ಹೊಟ್ಟೆ ಉರಿಯಿತು.

ಮಲಪ್ರಭೆಯ ದಂಡೆ, ಸವದತ್ತಿ

48ಕ್ಕೂ ನಾಲ್ಕು ಬಾಗಿಲು ಇರಬೇಕಲ್ಲವೇ? ಆರೆಂಟಲೆಯೂ 48, ನಾಲ್ಕು ಹನ್ನೆರಡಲೆಯೂ 48.

ಇಂಡಿ ಲಿಂಬೆ, ವಿಜಯಪುರ ಜಿಲ್ಲೆ

ಪಟ್ಟಿಯಲ್ಲಿ 12 ಇಲ್ಲ, 9ಕ್ಕೆ ಮುಗಿಯುತ್ತದೆ. ಹಾಗಾಗಿ 48ಕ್ಕೆ 6 ಮತ್ತು 8 ಮಾತ್ರ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಇದನ್ನು ಕೇಳುತ್ತಾರೆ, ಕೇಳಿದವರೇ ಆಮೇಲೆ ಚೆನ್ನಾಗಿ ಆಡುತ್ತಾರೆ.

ಕಿಲ್ಲಾ ಕೆರೆ, ಬೆಳಗಾವಿ

ಅಂಗಡಿ ಮುಚ್ಚುವ ಹೊತ್ತಿಗೆ ಗಲ್ಲಾದ ಮೇಲೆ ಹಾಳೆ ಹಾಸಿ, ಕಡಲೆ ಮತ್ತು ತೊಗರಿ ಇಟ್ಟು ಆಡಿ ನೋಡಿದೆ. ಹದಿನಾರೂ ನಡೆಗಳನ್ನು ಒಂದೊಂದಾಗಿ. ಮೇಡಂ ಬರೆದದ್ದು ಅಕ್ಷರಶಃ ನಿಜ. 45 ಹಾಕಬೇಕಿತ್ತು ಎಂದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಹುಡುಗಿಯ ಜಾಗದಲ್ಲಿ ನಾನು ಕುಳಿತಿದ್ದರೆ ಸೋಲುತ್ತಿದ್ದೆ.

ವೇಗದ ಬಗ್ಗೆ ಮಾತ್ರ ನನ್ನ ಮಾತು ಹಾಗೆಯೇ ಇದೆ. ಕನ್ನಡದಲ್ಲಿ ರಾಜಾದಿತ್ಯ 12ನೇ ಶತಮಾನದಲ್ಲೇ ‘ವ್ಯವಹಾರಗಣಿತ’ ಬರೆದ. ಹೆಸರಿನಲ್ಲೇ ವ್ಯವಹಾರವಿದೆ. ಲೆಕ್ಕ ಇರುವುದು ಕೊಡುಕೊಳ್ಳುವುದಕ್ಕೆ, ಅಲ್ಲಿ ಎದುರಿಗಿದ್ದವರು ಕಾಯುವುದಿಲ್ಲ. ಸಮಯದ ಮಿತಿಯೇ ಇಲ್ಲದಿದ್ದರೆ ಮಕ್ಕಳು ಬೆರಳು ಎಣಿಸುತ್ತಾ ಕೂರುತ್ತಾರೆ.

ಗೋಕಾಕ ಕರದಂಟು

ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದೇನೆ. ಹಾಸ್ಟೆಲಿನಲ್ಲಿ ನಾವು ನಾಲ್ವರು ಇದನ್ನು ಹುಚ್ಚು ಹಿಡಿದವರಂತೆ ಆಡುತ್ತೇವೆ. ಬಾಗಿಲಿನ ಲೆಕ್ಕ ಓದಿದ ಮೇಲೆ ನಮಗೆ ಬಹಳ ದಿನದಿಂದ ಕಾಡುತ್ತಿದ್ದ ಒಂದು ವಿಷಯ ಬಿಡಿಸಿಕೊಂಡಿತು. ಎರಡೂ ಬೀಜ ಬೇರೆ ಬೇರೆ ಅಂಕೆಯ ಮೇಲಿದ್ದರೆ ಎದುರಾಳಿಗೆ ಹದಿನಾರು ನಡೆ. ಎರಡೂ ಒಂದೇ ಅಂಕೆಯ ಮೇಲಿದ್ದರೆ ಎಂಟೇ ನಡೆ! ಅವನು ಯಾವ ಬೀಜ ಎತ್ತಿದರೂ ಇನ್ನೊಂದು ಅಲ್ಲೇ ಉಳಿಯುತ್ತದೆ. ಜೋಡಿ ಬೀಜದ ಬಾಗಿಲನ್ನು ಎದುರಾಳಿ ಮುಚ್ಚಲಾರ.

ಇದರಿಂದ ಒಂದು ಬಲೆ ಕಟ್ಟಬಹುದು. ನಿಮ್ಮ ಕಾಳು 27, 28 ಮತ್ತು 36, 54ರಲ್ಲಿವೆ ಎಂದುಕೊಳ್ಳಿ. 15, 25, 30 ಖಾಲಿ. ನೋಡುವವರಿಗೆ ಎರಡೆರಡು ಕಾಳು ಮಾತ್ರ, ಯಾರೂ ಹೆದರುವುದಿಲ್ಲ. ಎದುರಾಳಿ ಮೈಮರೆತು ಒಂದು ಬೀಜವನ್ನು 5ರ ಮೇಲೆ ಬಿಟ್ಟ. ನೀವು ಇನ್ನೊಂದನ್ನೂ 5ಕ್ಕೆ ತಂದು 25 ಹಾಕುತ್ತೀರಿ. ಈಗ ಅಡ್ಡಕ್ಕೆ 25, 27, 28: ಬೇಕಾದದ್ದು 30. ಉದ್ದಕ್ಕೆ 25, 36, 54: ಬೇಕಾದದ್ದು 15. ಎರಡಕ್ಕೂ 5 ಬಾಗಿಲು. ಅವನು 30 ಮುಚ್ಚಿದರೆ ನಿಮಗೆ 15, ಅವನು 15 ಮುಚ್ಚಿದರೆ ನಿಮಗೆ 30. ನಿನ್ನೆ ರಾತ್ರಿ ಇದನ್ನು ಕಟ್ಟಿ ಗೆದ್ದಾಗ ಗೆಳೆಯ ಐದು ನಿಮಿಷ ಮಣೆಯನ್ನೇ ನೋಡುತ್ತಾ ಕುಳಿತಿದ್ದ.

ಅಂದಹಾಗೆ 25ರಿಂದ ಓರೆಯಾಗಿ ಮೇಲಕ್ಕೆ ಹೋದರೆ 25, 16, 9, 4. ಐದೈದಲೆ, ನಾಲ್ನಾಲ್ಕಲೆ, ಮೂರ್ಮೂರಲೆ, ಎರಡೆರಡಲೆ. ಇದನ್ನು ಯಾರಾದರೂ ಬೇಕೆಂದೇ ಜೋಡಿಸಿದರೋ ತಾನಾಗಿ ಬಂತೋ?

ಇಂಡಿ ಲಿಂಬೆ, ವಿಜಯಪುರ ಜಿಲ್ಲೆ

ಗುಣಲಬ್ಧಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಆರಾರರಂತೆ ಬರೆದುಕೊಂಡು ಹೋದರೆ ತಾನಾಗಿಯೇ ಬರುತ್ತದೆ. ಕೈಯಿಂದ ಬರೆದು ನೋಡಿ.

ಇಳಕಲ್ ಸೆರಗು

ಇಲ್ಲಿಯವರೆಗೆ ಓದುತ್ತಿದ್ದೆ, ಈಗ ಬರೆಯಬೇಕೆನಿಸಿತು. ನಮ್ಮದು ನೇಕಾರರ ಮನೆ. ಅತ್ತೆಗೆ ಎಪ್ಪತ್ತು ದಾಟಿದೆ. ಶಾಲೆಗೆ ಹೋದದ್ದು ಮೂರೇ ವರ್ಷ, ಆದರೆ ಮಗ್ಗಿ ಎಲ್ಲವೂ ಬಾಯಲ್ಲಿದೆ, ಕಾಲು ಅರೆ ಮುಕ್ಕಾಲಿನ ಮಗ್ಗಿಯೂ ಸೇರಿ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವ ಕೆಲಸವನ್ನು ನಲವತ್ತು ವರ್ಷ ಮಾಡಿದ ಕೈ ಅದು. ಮೊಮ್ಮಗ ಈ ಆಟವನ್ನು ಮೊಬೈಲಿನಲ್ಲಿ ತೋರಿಸಿದಾಗ ಅವರಿಗೆ ಹಿಡಿಸಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬಳೆಚೂರು ಇಟ್ಟುಕೊಟ್ಟೆ, ಆಗ ಕುಳಿತರು.

ಅವರು ಆಡುವ ರೀತಿಯನ್ನು ಹೇಳಬೇಕು. ಮೊದಲು ತಮಗೆ ಬೇಕಾದ ಮನೆಯನ್ನು ನೋಡುವುದೇ ಇಲ್ಲ. ಮೊಮ್ಮಗನ ಕಾಳುಗಳ ಮೇಲೆ ಒಂದೊಂದಾಗಿ ಬೆರಳು ಆಡಿಸುತ್ತಾರೆ, ಮುಟ್ಟುವುದಿಲ್ಲ, ಗೇಣಿನಷ್ಟು ಮೇಲೆ. "ಇದಕ್ಕೆ ಏನು ಬೇಕು, ಇದಕ್ಕೆ ಏನು ಬೇಕು" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಐವತ್ತಾರಕ್ಕೆ ಬಂದಾಗ "ಏಳೆಂಟಲೆ" ಎಂದು ಹೇಳುವುದಕ್ಕೆ ಅರೆಕ್ಷಣವೂ ಬೇಡ. ಆಮೇಲೆ ಎರಡು ನಿಮಿಷ ಸುಮ್ಮನಿರುತ್ತಾರೆ. ಆ ಎರಡು ನಿಮಿಷದಲ್ಲಿ ಅವರು ಗುಣಿಸುತ್ತಿಲ್ಲ. ಯಾವ ಬಳೆಚೂರನ್ನು ಎಲ್ಲಿ ಬಿಟ್ಟರೆ ಹುಡುಗನಿಗೆ ಏನು ಸಿಗುತ್ತದೆ ಎಂದು ನೋಡುತ್ತಿದ್ದಾರೆ. ಹದಿನೈದು ಸೆಕೆಂಡಿನ ಸ್ಪರ್ಧೆಯಲ್ಲಿ ನಮ್ಮ ಅತ್ತೆ ಮೊದಲ ಸುತ್ತಿಗೇ ಹೊರಗೆ. ಮನೆಯಲ್ಲಿ ಅವರನ್ನು ಸೋಲಿಸಿದವರು ಇನ್ನೂ ಇಲ್ಲ.

ಕಿಲ್ಲಾ ಕೆರೆ, ಬೆಳಗಾವಿ

ಸೆರಗಿನವರ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಏಳೆಂಟಲೆಗೆ ಅರೆಕ್ಷಣ, ಆಮೇಲೆ ಎರಡು ನಿಮಿಷ. ನನ್ನ ಅಜ್ಜನೂ ಹಾಗೆಯೇ ಇದ್ದರು ಎಂಬುದು ಈಗ ನೆನಪಾಯಿತು. ಲೆಕ್ಕವನ್ನು ಥಟ್ಟನೆ ಹೇಳುತ್ತಿದ್ದರು. ಆದರೆ ಯಾರಿಗೆ ಉದ್ದರಿ ಕೊಡಬೇಕು, ಎಷ್ಟು ಚೀಲ ಹಿಡಿದಿಟ್ಟುಕೊಳ್ಳಬೇಕು ಎನ್ನುವಾಗ ಎಲೆ ಅಡಿಕೆ ಹಾಕಿಕೊಂಡು ಅರ್ಧ ಗಂಟೆ ಕೂರುತ್ತಿದ್ದರು. ನಾನು ಈ ಎರಡನ್ನೂ ಒಂದೇ ಎಂದು ತಿಳಿದು ವಾದ ಮಾಡುತ್ತಿದ್ದೆ.

ಆದರೂ ಸ್ಪರ್ಧೆ ಎಂದ ಮೇಲೆ ಸಂಜೆಯೊಳಗೆ ಮುಗಿಯಬೇಕು. ಏನು ಮಾಡುವುದು?

ಇಂಡಿ ಲಿಂಬೆ, ವಿಜಯಪುರ ಜಿಲ್ಲೆ

ಚದುರಂಗದಲ್ಲಿ ಮಾಡುವಂತೆ ಮಾಡಿ. ನಡೆಗೆ ಇಷ್ಟು ಎಂದು ಕತ್ತರಿಸದೆ, ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಎಂಟೋ ಹತ್ತೋ ನಿಮಿಷ ಕೊಡಿ. ಸುಲಭದ ನಡೆಗೆ ಮೂರು ಸೆಕೆಂಡು ಖರ್ಚು ಮಾಡಿದ ಮಗು ಉಳಿದದ್ದನ್ನು ಬೇಕಾದಲ್ಲಿ ಬಳಸಿಕೊಳ್ಳುತ್ತದೆ. ಮಗ್ಗಿ ಬಾರದ ಮಗುವಿನ ಸಮಯ ತಾನಾಗಿಯೇ ಕರಗುತ್ತದೆ, ಅದಕ್ಕೆ ಬೇರೆ ಶಿಕ್ಷೆ ಬೇಡ. ಕಿಲ್ಲಾ ಕೆರೆಯವರ ವೇಗಕ್ಕೂ ಇಲ್ಲಿ ಬೆಲೆ ಇದೆ.

ನನಗೆ ಇದಕ್ಕಿಂತ ಮುಖ್ಯವಾದದ್ದು ತೀರ್ಪುಗಾರರ ವಿಷಯ. ಅವರು ಉತ್ತರ ಪತ್ರಿಕೆ ತಿದ್ದುವ ಕಣ್ಣಿನಿಂದ ಮಣೆ ನೋಡಿದ್ದಾರೆ. ಆರೇಳಲೆ ನಲವತ್ತೆರಡು ಸರಿಯಾಗಿಯೇ ಇತ್ತು. ನಿಯಮದಲ್ಲಿ "ಕಾಳು ಸಿಗುವುದಿಲ್ಲ" ಎಂದಷ್ಟೇ ಇರುವಾಗ ಬೀಜವನ್ನು ಹಿಂದಕ್ಕೆ ಇಡಲು ಅವರಿಗೆ ಅಧಿಕಾರವಿಲ್ಲ. ಆಡಿಸುವವರು ಮೊದಲು ಹತ್ತು ಆಟ ಆಡಿರಬೇಕು, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಗೋಕಾಕ ಕರದಂಟು

ಮೇಡಂ, ಗುಟ್ಟು ತಿಳಿದರೆ ಸೋಲೇ ಇಲ್ಲದ ಆಟಗಳಿವೆ ಎನ್ನುತ್ತಾರೆ. ಇದೂ ಹಾಗೆಯೇ?

ಇಂಡಿ ಲಿಂಬೆ, ವಿಜಯಪುರ ಜಿಲ್ಲೆ

ಮಕ್ಕಳಿಗೆ ಹಾಗೆ ಆಡಿಸುವ ಇನ್ನೊಂದು ಆಟವಿದೆ. ಎರಡು ಸಂಖ್ಯೆ ಬರೆದು, ಸರದಿಯಂತೆ ಹಲಗೆಯ ಮೇಲಿನ ಯಾವುದಾದರೂ ಎರಡರ ವ್ಯತ್ಯಾಸವನ್ನು ಹೊಸದಾಗಿ ಬರೆಯುತ್ತಾ ಹೋಗುವುದು, ಬರೆಯಲಾಗದವರು ಸೋತರು. 15 ಮತ್ತು 21 ಇಟ್ಟರೆ ಕೊನೆಗೆ 3ರ ಮಗ್ಗಿ 21ರವರೆಗೆ ಪೂರ್ತಿ ಬಂದೇ ಬರುತ್ತದೆ, ಹೇಗೆ ಆಡಿದರೂ ಏಳು ಸಂಖ್ಯೆ. ಎರಡು ಮೊದಲೇ ಇವೆ, ಹಾಗಾಗಿ ಐದು ನಡೆ, ಮೊದಲು ಆಡಿದವರದೇ ಗೆಲುವು. ಮಹತ್ತಮ ಸಾಮಾನ್ಯ ಅಪವರ್ತನ ತಿಳಿದವರಿಗೆ ಆಡುವ ಮೊದಲೇ ಫಲಿತಾಂಶ ಗೊತ್ತು. ಅದು ಒಳ್ಳೆಯ ಪಾಠ, ಆದರೆ ಒಂದು ದಿನದ ಪಾಠ. ಮನೆಯಾಟದಲ್ಲಿ ಅಂಥ ಅಡ್ಡದಾರಿ ಯಾವುದನ್ನೂ ನನ್ನ ಮಕ್ಕಳು ಇಲ್ಲಿಯವರೆಗೆ ಹಿಡಿದಿಲ್ಲ, ನಾನೂ ಹಿಡಿದಿಲ್ಲ.

ಘಟಪ್ರಭೆ, ಬಾಗಲಕೋಟೆ

ಎಲ್ಲರ ಬರಹಗಳನ್ನೂ ಮಗಳಿಗೆ ಓದಿ ಹೇಳಿದೆ. ಹದಿಮೂರು ಸೋಲು, ಮೂರು ಉಳಿವು ಎಂಬ ಭಾಗವನ್ನು ಎರಡು ಸಲ ಓದಿಸಿಕೊಂಡಳು. 3 ಮತ್ತು 6 ಕೂಡ ಸರಿ ಎಂಬುದು ಅವಳಿಗೆ ಆಗ ಹೊಳೆದಿರಲಿಲ್ಲವಂತೆ, 7 ಮಾತ್ರ ಕಂಡಿತ್ತಂತೆ. ಗೋಕಾಕದವರ ಜೋಡಿ ಬೀಜದ ಬಲೆಯನ್ನು ಆ ರಾತ್ರಿಯೇ ನನ್ನ ಮೇಲೆ ಪ್ರಯೋಗಿಸಿದಳು. ನಾನು 30 ಮುಚ್ಚಿದೆ, ಅವಳು 15ಕ್ಕೆ ಜೋಳ ಇಟ್ಟಳು.

ಭಾನುವಾರ ನಮ್ಮ ಓಣಿಯ ಎಂಟು ಮಕ್ಕಳನ್ನು ಕೂರಿಸಿ ಆಡಿಸಿದೆವು. ಒಬ್ಬೊಬ್ಬರಿಗೆ ಹತ್ತು ನಿಮಿಷ, ಮೊಬೈಲಿನ ಗಡಿಯಾರದಲ್ಲಿ. ಯಾರ ಸಮಯವೂ ಮುಗಿಯಲಿಲ್ಲ. ಗೊತ್ತಿದ್ದೇ ತುಂಬಿದ ಮನೆಗೆ ಹೋಗುವುದಕ್ಕೆ ಮಕ್ಕಳು ‘ಬರಿಗೈ ನಡೆ’ ಎಂದು ಹೆಸರಿಟ್ಟಿದ್ದಾರೆ. ಸರದಿಯಲ್ಲಿ ಕೈ ಬಿಚ್ಚಿ ತೋರಿಸಿ "ಬರಿಗೈ" ಎಂದು ಹೇಳಿಯೇ ಬೀಜ ಸರಿಸಬೇಕು, ಆಗ ತಪ್ಪಿ ಆಡಿದ್ದೋ ತಿಳಿದು ಆಡಿದ್ದೋ ಎಂಬ ಜಗಳ ಬರುವುದಿಲ್ಲ. ಈ ನಿಯಮವನ್ನು ಮಾಡಿದ್ದು ಮಗಳು. ಆ ಸ್ಪರ್ಧೆಯ ಆಯೋಜಕರಿಗೆ ಇದನ್ನೂ ಇಂಡಿಯವರ ವಿವರಣೆಯನ್ನೂ ಸೇರಿಸಿ ಪತ್ರ ಬರೆದಿದ್ದೇನೆ. ಫಲಿತಾಂಶ ಬದಲಿಸಿ ಎಂದು ಕೇಳಿಲ್ಲ, ಮುಂದಿನ ಸಲ ಬೀಜವನ್ನು ಹಿಂದಕ್ಕೆ ಇಡಬೇಡಿ ಎಂದು ಕೇಳಿದ್ದೇನೆ.

ಒಂದು ತೊಡಕು ಉಳಿದಿದೆ. ಇಬ್ಬರೂ ಹೆದರಿ ಬರಿಗೈ ನಡೆಯನ್ನೇ ಆಡುತ್ತಾ ಹೋದರೆ ಆಟ ಮುಗಿಯುವುದಿಲ್ಲ. ಒಂದು ಜೋಡಿ ಹಾಗೆ ಸಿಕ್ಕಿಕೊಂಡಿತ್ತು.

ಇಂಡಿ ಲಿಂಬೆ, ವಿಜಯಪುರ ಜಿಲ್ಲೆ

ಇಬ್ಬರೂ ಬೆನ್ನು ಬೆನ್ನಿಗೆ ಮೂರು ಮೂರು ಸಲ ಬರಿಗೈ ಆಡಿದರೆ ಸಮ ಎಂದು ಮಾಡಿ ನೋಡಿ. ನಾನೂ ಸೋಮವಾರದಿಂದ ಅದೇ ನಿಯಮದಲ್ಲಿ ಆಡಿಸುತ್ತೇನೆ. ಕೈ ಬಿಚ್ಚಿ ತೋರಿಸುವುದನ್ನೂ ಸೇರಿಸುತ್ತೇನೆ, ಅದು ನಿಮ್ಮ ಮಗಳ ನಿಯಮ ಎಂದು ಮಕ್ಕಳಿಗೆ ಹೇಳುತ್ತೇನೆ.

ಕಿಲ್ಲಾ ಕೆರೆ, ಬೆಳಗಾವಿ

ದಸರಾ ರಜೆಯಲ್ಲಿ ಬಾಗಲಕೋಟೆಗೆ ನೆಂಟರ ಮನೆಗೆ ಬರುವುದಿದೆ. ಒಂದು ಸಂಜೆ ನಿಮ್ಮ ಓಣಿಗೆ ಬರಲೇ? ಎರಡು ಸೇರು ಕಡಲೆ, ಒಂದು ಡಬ್ಬಿ ಕುಂದಾ ನನ್ನ ಕಡೆಯಿಂದ. ನಿಮ್ಮ ಮಗಳ ಎದುರು ಒಂದು ಆಟ ಆಡಬೇಕು, ಮೊದಲ ಬೀಜ ಅವಳೇ ಇಡಲಿ.